ಸಾಲಗಾರರ ಪಾಲು ಸಾಲಗಾರರಿಗೇ ಸೇರಲಿ: ಜಮಾಅತ್ ಕಮಿಟಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಸೀದಿಗಳ ಜಮಾಅತ್ ಕಮಿಟಿಗಳ ಅಧ್ಯಕ್ಷರಿಗೆ, ಮುತವಲ್ಲಿಗಳಿಗೆ, ಖತೀಬರಿಗೆ ಮತ್ತು ಎಲ್ಲ ಸದಸ್ಯರಿಗೆ,



ಶಅಬಾನ್ ಮುಗಿಯುವ ಮೊದಲೇ ನಿಮ್ಮ ಸಭೆಗಳಲ್ಲಿ ರಮಝಾನಿನ ಮಾತು ಶುರುವಾಗುತ್ತದೆ. ಇಫ್ತಾರ್ ಯಾರ ಕಡೆಯಿಂದ, ತರಾವೀಹ್‌ಗೆ ಹಾಫಿಝರು ಎಲ್ಲಿಂದ, ಝಕಾತ್ ಪಟ್ಟಿಯಲ್ಲಿ ಯಾರ್ಯಾರ ಹೆಸರು ಎಂಬ ಚರ್ಚೆ ನಡೆಯುತ್ತದೆ. ಆ ಪಟ್ಟಿ ಬರೆಯಲು ಕೂರುವ ಮೊದಲು ಈ ಪತ್ರವನ್ನು ಒಮ್ಮೆ ಓದಿ ಎಂಬುದು ನನ್ನ ಕೋರಿಕೆ. ನಾನು ಕೇಳುವುದು ಇಷ್ಟೇ. ಜಮಾಅತಿಗೆ ಬರುವ ಝಕಾತಿನಲ್ಲಿ ಸಾಲಗಾರರಿಗೆಂದು ಒಂದು ಪಾಲು ಎತ್ತಿಡಿ. ಅದನ್ನು ಐನೂರು, ಸಾವಿರ ಎಂದು ಚೂರು ಮಾಡಬೇಡಿ. ಕೆಲವೇ ಮನೆಗಳನ್ನು ಆರಿಸಿಕೊಂಡು ಆ ಮನೆಗಳ ಸಾಲವನ್ನು ಪೂರ್ತಿ ತೀರಿಸಿ.

ಇದು ನನ್ನ ತಲೆಯಲ್ಲಿ ಹುಟ್ಟಿದ ಯೋಜನೆಯಲ್ಲ. ಸೂರಃ ತೌಬಾದ 60ನೇ ಆಯತ್ ಝಕಾತಿನ ಎಂಟು ಹಕ್ಕುದಾರರನ್ನು ಗುರುತಿಸಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ಗುಲಾಮರ ಬಿಡುಗಡೆಯ ಬೆನ್ನಿಗೇ ಗಾರಿಮೀನ್, ಅಂದರೆ ಸಾಲದಲ್ಲಿ ಸಿಲುಕಿದವರು ಬರುತ್ತಾರೆ. ಬಡವರೂ ನಿರ್ಗತಿಕರೂ ಆ ಪಟ್ಟಿಯಲ್ಲಿ ಮೊದಲೇ ಇದ್ದಾರೆ. ಹಾಗಿದ್ದೂ ಸಾಲಗಾರರನ್ನು ಬೇರೆಯಾಗಿ ಎಣಿಸಲಾಗಿದೆ. ಬಡವರ ಪಾಲಿನಲ್ಲಿ ಅವರಿಗೂ ಒಂದಿಷ್ಟು ಸಿಕ್ಕಿತಲ್ಲ ಎಂದು ನಾವು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಅವರ ಕಷ್ಟವೇ ಬೇರೆ, ಅದಕ್ಕೆ ಮದ್ದೂ ಬೇರೆ.

ಆ ಕಷ್ಟ ಹೇಗಿರುತ್ತದೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಒಬ್ಬ ತಾಯಿ ಇದ್ದಾರೆ. ಗಂಡ ಸೆಂಟ್ರಿಂಗ್ ಕೆಲಸದವರು, ಮೇಲಿನಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯ ಬಿಲ್ಲಿಗೆ ಮೊದಲು ಕಿವಿಯದ್ದು, ಕೈಯದ್ದು ಗಿರವಿಗೆ ಹೋಯಿತು. ಆಮೇಲೆ ಒಂದು ಸಂಘದ ಸಾಲ. ಅದರ ಕಂತು ಕಟ್ಟಲು ಇನ್ನೊಂದು ಸಂಘ, ಅದರದ್ದಕ್ಕೆ ಮತ್ತೊಂದು. ವಾರದ ಕಂತಿನ ಸಭೆ ಪಕ್ಕದ ಮನೆಯ ಜಗಲಿಯಲ್ಲಿ ಸೇರುತ್ತದೆ. ಬೈಕಿನಲ್ಲಿ ಬಂದ ಹುಡುಗ ಬ್ಯಾಗು ತೆರೆದು ಕೂರುತ್ತಾನೆ, ಹೆಂಗಸರು ಕಾರ್ಡು ಹಿಡಿದು ಸಾಲಾಗಿ ಕೂರುತ್ತಾರೆ. ಒಬ್ಬರದ್ದು ಕಡಿಮೆ ಬಿದ್ದರೆ ಉಳಿದವರೂ ಏಳುವ ಹಾಗಿಲ್ಲ. ಈ ತಾಯಿಯ ಸರದಿ ಬಂದಾಗ ಕೈ ನಡುಗುವುದನ್ನು ನಾನು ಕಂಡಿದ್ದೇನೆ. ಅವರ ಬಾಕಿಗಾಗಿ ನೂರಿನ್ನೂರು ಕೂಡಿಸಿ ಕೊಟ್ಟ ನೆರೆಯವರಲ್ಲಿ ಹಿಂದೂ ಹೆಂಗಸರೂ ಇದ್ದರು. ಕೊಟ್ಟವರಾರೂ ಉಳ್ಳವರಲ್ಲ. ಹಾಗೆ ಕೊಟ್ಟ ಮೇಲೆ ಮಾತುಕತೆ ಕಡಿಮೆಯಾಯಿತು, ಬಾವಿಕಟ್ಟೆಯಲ್ಲಿ ಮುಖ ತಿರುಗಿಸುವುದು ಶುರುವಾಯಿತು.

ಈ ಮನೆಯವರು ನಿಮ್ಮ ಝಕಾತಿನ ಸಾಲಿಗೆ ಬಂದವರಲ್ಲ. ಅವರದ್ದು ಹೆಂಚಿನ ಸ್ವಂತ ಮನೆ. ಮಕ್ಕಳು ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲೇ ಶಾಲೆಗೆ ಹೋಗುತ್ತಾರೆ. ಪೆರ್ನಾಳಿನ (ಈದಿನ) ಹಿಂದಿನ ದಿನ ಫಿತ್ರ್ ಝಕಾತಿನ ಅಕ್ಕಿಯನ್ನೂ ತಪ್ಪದೆ ಅಳೆದು ಕೊಡುತ್ತಾರೆ. ನೋಡಿದವರು ‘ಅವರಿಗೇನು ಕಡಿಮೆ’ ಅಂದುಕೊಳ್ಳುತ್ತಾರೆ. ಕೈಚಾಚದ ಅಭಿಮಾನದಿಂದಾಗಿ ತಿಳಿಯದವರ ಕಣ್ಣಿಗೆ ಅನುಕೂಲಸ್ಥರಂತೆ ಕಾಣುವ ಜನರ ಬಗ್ಗೆ ಸೂರಃ ಬಕರದಲ್ಲಿ ಮಾತಿದೆ. ಅಂಥವರನ್ನು ಗುರುತಿಸುವ ಹೊಣೆ ಕೊಡುವವರದ್ದು. ನಮ್ಮ ಏರ್ಪಾಡೋ ಕೈಚಾಚಿ ಸಾಲಿನಲ್ಲಿ ನಿಂತವರನ್ನು ಮಾತ್ರ ಕಾಣುತ್ತದೆ.

ಪ್ರವಾದಿಯವರ (ಸ) ಕಾಲದಲ್ಲಿ ಹೀಗಿರಲಿಲ್ಲ. ಮದೀನಾದಲ್ಲಿ ಒಬ್ಬರು ಹಣ್ಣಿನ ಫಸಲು ಕೊಂಡು ನಷ್ಟಕ್ಕೆ ಸಿಲುಕಿದರು, ಸಾಲ ತಲೆಯ ಮೇಲೆ ಬಂತು. ಪ್ರವಾದಿಯವರು ಜನರಿಗೆ ಅವರಿಗಾಗಿ ದಾನ ಮಾಡಲು ಹೇಳಿದರು. ಕೂಡಿದ ಹಣ ಸಾಲಕ್ಕೆ ಸಾಲಲಿಲ್ಲ. ಆಗ ಸಾಲ ಕೊಟ್ಟವರನ್ನು ಕರೆದು, ಸಿಕ್ಕಿದ್ದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿಗೆ ನಿಮಗಿಲ್ಲ ಎಂದರು. ಸಹೀಹ್ ಮುಸ್ಲಿಮಿನಲ್ಲಿ ಅಬೂ ಸಈದ್ ಅಲ್ ಖುದ್ರಿಯವರಿಂದ ಬಂದ ಈ ಹದೀಸ್ ನಿಮಗೆ ಪರಿಚಿತವೇ. ಇದರಲ್ಲಿ ಒಂದು ಕ್ರಮ ಅಡಗಿದೆ. ಸಮುದಾಯ ಹಣ ಕೂಡಿಸುತ್ತದೆ, ಸಮುದಾಯದ ಮುಖಂಡರು ಸಾಲ ಕೊಟ್ಟವರನ್ನು ಎದುರು ಕೂರಿಸಿ ಇತ್ಯರ್ಥ ಮಾಡುತ್ತಾರೆ, ಸಾಲಗಾರ ಅಲ್ಲಿಗೆ ಬಿಡುಗಡೆಯಾಗುತ್ತಾನೆ. ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ಹರಾಜಿನಲ್ಲಿ ದುಬಾರಿ ಬೆಲೆಗೆ ಗೂಡು ಕೊಂಡು, ನೂಲು ತೆಗೆಯುವಷ್ಟರಲ್ಲಿ ರೇಷ್ಮೆ ಬೆಲೆ ಬಿದ್ದು ಮುಳುಗಿದ ರೀಲರ್‌ಗೂ ಮದೀನಾದ ಆ ಹಣ್ಣಿನ ವ್ಯಾಪಾರಿಗೂ ಏನು ವ್ಯತ್ಯಾಸ? ಒಬ್ಬರ ಬೆನ್ನಿಗೆ ಊರು ನಿಂತಿತು, ಇನ್ನೊಬ್ಬರು ರಾತ್ರೋರಾತ್ರಿ ಮನೆಗೆ ಬೀಗ ಹಾಕಿ ಊರು ಬಿಡುತ್ತಿದ್ದಾರೆ.

ಉಮರ್ ಬಿನ್ ಅಬ್ದುಲ್ ಅಝೀಝರು ಖಲೀಫರಾಗಿದ್ದಾಗ ಸಾಲಗಾರರ ಸಾಲ ತೀರಿಸುವಂತೆ ಅಧಿಕಾರಿಗಳಿಗೆ ಬರೆದರು. ಕೆಲವರಿಗೆ ಮನೆಯಿದೆ, ಸೇವಕನಿದ್ದಾನೆ, ಕುದುರೆಯಿದೆ, ಮನೆಸಾಮಾನಿದೆ, ಅಂಥವರಿಗೂ ಕೊಡಬೇಕೇ ಎಂದು ಅಧಿಕಾರಿಗಳು ಕೇಳಿದರು. ಬದುಕಲು ಇವೆಲ್ಲ ಬೇಕಲ್ಲವೇ, ಆತ ಸಾಲಗಾರನೇ, ತೀರಿಸಿ ಎಂದು ಅವರು ಉತ್ತರಿಸಿದರು. ಅಬೂ ಉಬೈದರ ‘ಕಿತಾಬುಲ್ ಅಮ್ವಾಲ್’ನಲ್ಲಿ ದಾಖಲಾಗಿರುವ ಸಂಗತಿ ಇದು. ಸ್ವಂತ ಮನೆಯಿದೆ, ಸ್ಕೂಟರಿದೆ, ಫ್ರಿಜ್ಜಿದೆ ಎಂದು ಪಟ್ಟಿಯಿಂದ ಹೆಸರು ಹೊಡೆದುಹಾಕುವ ಮೊದಲು ಇದನ್ನು ನೆನೆಯಬೇಕು. ಸಾಲ ತೀರಿಸಲು ಮನೆ ಮಾರಿದವರು ಆಮೇಲೆ ಬಾಡಿಗೆ ಕಟ್ಟಲಾಗದೆ ಬಡವರ ಪಟ್ಟಿಗೇ ಬರುತ್ತಾರೆ. ಅಲ್ಲಿಗೆ ಬರುವವರೆಗೆ ಕಾಯುವುದರಲ್ಲಿ ಯಾವ ಜಾಣತನವಿದೆ?

ಫಿಕ್ಹಿನ ಮಾತಿಗೆ ಬರೋಣ, ಏಕೆಂದರೆ ಸಭೆಯಲ್ಲಿ ಏಳುವ ಮೊದಲ ಆಕ್ಷೇಪ ಅಲ್ಲಿಂದಲೇ. ಒಬ್ಬರಿಗೇ ಇಷ್ಟು ದೊಡ್ಡ ಮೊತ್ತ ಕೊಡಬಹುದೇ ಎಂದು ಕೇಳುತ್ತಾರೆ. ಒಬ್ಬ ಬಡವನಿಗೆ ನಿಸಾಬಿನಷ್ಟು ಅಥವಾ ಹೆಚ್ಚು ಕೊಡುವುದು ಮಕ್ರೂಹ್ ಎನ್ನುವ ಹನಫಿ ವಿದ್ವಾಂಸರೇ ಸಾಲಗಾರನನ್ನು ಅದರಿಂದ ಹೊರಗಿಟ್ಟಿದ್ದಾರೆ. ಬಡವನಿಗಿಂತ ಸಾಲಗಾರನಿಗೆ ಕೊಡುವುದು ಮೇಲು ಎಂಬ ಮಾತೂ ಹನಫಿ ಗ್ರಂಥಗಳಲ್ಲಿದೆ. ಬಯಲುಸೀಮೆಯ, ಉತ್ತರ ಕರ್ನಾಟಕದ ಹೆಚ್ಚಿನ ಜಮಾಅತುಗಳು ಹನಫಿ ಆದ್ದರಿಂದ ಇದನ್ನು ಹೇಳಬೇಕಾಯಿತು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಮದ್‌ಹಬಿನವರು. ಝಕಾತನ್ನು ಊರಿನಲ್ಲಿ ಲಭ್ಯವಿರುವ ಎಲ್ಲ ವರ್ಗದ ಹಕ್ಕುದಾರರಿಗೂ ಮುಟ್ಟಿಸಬೇಕೆಂಬುದು ಶಾಫಿಈ ಮದ್‌ಹಬಿನ ಮೂಲ ನಿಲುವು. ಅಲ್ಲಿ ಸಾಲಗಾರನಿಗೆ ಅವನ ಸಾಲ ತೀರುವಷ್ಟು ಕೊಡಬಹುದು. ಊರಿನ ಜಗಳ ಬಿಡಿಸಲೆಂದು ಸಾಲ ಹೊತ್ತವನು ಉಳ್ಳವನಾದರೂ ಈ ಪಾಲಿಗೆ ಅರ್ಹ. ಹೀಗಿರುವಾಗ ಎರಡೂ ಕಡೆಯ ಜಮಾಅತುಗಳಿಗೆ ಸಾಲಗಾರರ ಪಾಲನ್ನು ಎತ್ತಿಡಲು ಮದ್‌ಹಬ್ ಅಡ್ಡಿಯಲ್ಲ.

ಇನ್ನೊಂದು ವಿಷಯವಿದೆ, ಅದು ನನ್ನನ್ನು ಬಹಳ ಕಾಡುತ್ತದೆ. ಜನಾಝಾ ನಮಾಝಿಗೆ ಮುಂಚೆ ನಮ್ಮ ಊರುಗಳಲ್ಲಿ ಒಂದು ಘೋಷಣೆ ಆಗುತ್ತದೆ. ಮಯ್ಯತ್‌ನಿಂದ ಯಾರಿಗಾದರೂ ಬರಬೇಕಾದ ಸಾಲವಿದ್ದರೆ ಮನೆಯವರನ್ನು ಕಾಣಿ, ಇಲ್ಲವೇ ಕ್ಷಮಿಸಿ ಎಂದು. ಸಾಲವಿದ್ದವರೊಬ್ಬರ ಜನಾಝಾ ಬಂದಾಗ ಪ್ರವಾದಿಯವರು (ಸ) ನಮಾಝಿಗೆ ನಿಲ್ಲದೆ ಇದ್ದದ್ದು, ಮೂರು ದೀನಾರಿನ ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದಃ ಹೇಳಿದ ಮೇಲಷ್ಟೇ ನಿಂತದ್ದು ಬುಖಾರಿಯಲ್ಲಿದೆ. ಮುಂದೆ ಸಂಪತ್ತು ಬಂದ ಕಾಲಕ್ಕೆ, ಸಾಲ ಬಿಟ್ಟು ತೀರಿಕೊಂಡವರ ಸಾಲ ನನ್ನ ಹೊಣೆ ಎಂದು ಅವರೇ ಘೋಷಿಸಿದರು. ಸಾಲದ ಭಾರ ಎಷ್ಟೆಂಬುದು ಇದರಿಂದಲೇ ಗೊತ್ತಾಗುತ್ತದೆ. ಆದರೆ ತೀರಿಕೊಂಡವರ ಸಾಲಕ್ಕೆ ಝಕಾತ್ ಹಣ ಸಲ್ಲುವುದಿಲ್ಲ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ, ಹಣ ಪಡೆದುಕೊಳ್ಳಲು ಆ ಮನುಷ್ಯನೇ ಇಲ್ಲವಲ್ಲ. ಝಕಾತಿನಿಂದ ಅವರಿಗೆ ನೆರವಾಗುವ ಅವಕಾಶ ಇದ್ದದ್ದು ಅವರು ನಮ್ಮ ಪಕ್ಕದ ಸಫ್ಫಿನಲ್ಲಿ ನಿಂತಿದ್ದಾಗ. ಜನಾಝಾದ ಮುಂದೆ ಕೇಳುವ ಪ್ರಶ್ನೆಯನ್ನು ಬದುಕಿದ್ದಾಗಲೇ, ಮರ್ಯಾದೆಯಿಂದ, ಗುಟ್ಟಾಗಿ ಕೇಳುವ ವ್ಯವಸ್ಥೆ ನಮಗೆ ಬೇಕು.

ಆ ವ್ಯವಸ್ಥೆ ಹೇಗಿರಬೇಕು ಎಂಬುದರ ಬಗ್ಗೆ ನನ್ನ ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಗುರುತಿಸುವ ಕೆಲಸ. ಕಬೀಸಃ ಎಂಬ ಸಹಾಬಿ ಹೊರಲಾರದ ಜಾಮೀನು ಹೊತ್ತು ನೆರವು ಕೇಳಲು ಬಂದಾಗ ಪ್ರವಾದಿಯವರು (ಸ) ಯಾರು ಯಾರು ಕೇಳಿ ಪಡೆಯಬಹುದು ಎಂಬುದನ್ನು ವಿವರಿಸಿದರು. ಅದರಲ್ಲಿ ಒಬ್ಬನ ಕಷ್ಟಕ್ಕೆ ಅವನದೇ ಜನರ ಪೈಕಿ ಮೂವರು ತಿಳಿವಳಿಕಸ್ಥರ ಸಾಕ್ಷಿ ಸಾಕು ಎಂದಿದೆ. ನಮ್ಮಲ್ಲೂ ಹಾಗೆಯೇ ಆಗಲಿ. ಪ್ರತಿ ಜಮಾಅತಿನಲ್ಲಿ ಬಾಯಿ ಬಿಗಿಯಿರುವ ಐದಾರು ಮಂದಿಯ ಸಣ್ಣ ಸಮಿತಿ ಇರಲಿ, ಅದರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಸಂಘದ ಸಾಲವೆಲ್ಲ ಹೆಚ್ಚಾಗಿ ಹೆಂಗಸರ ಹೆಸರಿನಲ್ಲೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದರ ಪೂರ್ತಿ ಲೆಕ್ಕ ಗಂಡನಿಗೂ ಗೊತ್ತಿರುವುದಿಲ್ಲ. ಆ ಮಾತನ್ನು ಅವರು ಗಂಡಸರ ಕಮಿಟಿಯ ಎದುರು ಬಂದು ಹೇಳಲಾರರು. ಹೆಸರುಗಳು ಬೋರ್ಡಿಗಾಗಲೀ ವಾಟ್ಸಾಪ್ ಗುಂಪಿಗಾಗಲೀ ಬರಕೂಡದು, ಕೊಡುವಾಗ ಫೋಟೋ ತೆಗೆಯಕೂಡದು.

ಎರಡನೆಯದು, ಸಾಲದ ಪಟ್ಟಿ. ಯಾರಿಂದ, ಯಾವಾಗ, ಏತಕ್ಕೆ, ಅಸಲೆಷ್ಟು, ಬಡ್ಡಿಯೆಷ್ಟು, ಕಟ್ಟಿದ್ದೆಷ್ಟು ಎಂಬುದನ್ನು ಕಾರ್ಡು, ರಸೀದಿ ನೋಡಿ ಬರೆಯಬೇಕು. ಅರ್ಧ ಹಾದಿ ಇಲ್ಲೇ ಸಾಗುತ್ತದೆ, ಏಕೆಂದರೆ ಸಾಲದಲ್ಲಿರುವ ಬಹಳ ಜನ ತಮ್ಮ ಒಟ್ಟು ಸಾಲವನ್ನು ಒಂದೇ ಹಾಳೆಯಲ್ಲಿ ನೋಡಿರುವುದೇ ಇಲ್ಲ. ಈ ಹಂತದಲ್ಲಿ ಜಮಾಅತಿನ ಒಬ್ಬ ವಕೀಲರು ಜೊತೆಗಿರಬೇಕು. 2025ರ ಆರಂಭದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಾಟಕ್ಕೆ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಜನ ಮನೆ ಬಿಟ್ಟು ಹೋದಾಗ ಸರ್ಕಾರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿತ್ತು. ನೋಂದಣಿಯಿಲ್ಲದೆ, ಪರವಾನಗಿಯಿಲ್ಲದೆ ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದೂ ಅದು ಹೇಳಿತು. ಮೀಟರ್ ಬಡ್ಡಿಯವರ ವಿರುದ್ಧ 2004ರ ಅತಿಯಾದ ಬಡ್ಡಿ ನಿಷೇಧ ಕಾಯ್ದೆ ಇದೆ. ರಿಸರ್ವ್ ಬ್ಯಾಂಕಿನ ಅಧೀನದ ಸಂಸ್ಥೆಗಳ ಸಾಲವನ್ನು ಕಟ್ಟಲೇಬೇಕು. ಆದರೆ ಅವರೂ ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ಮೈಕ್ರೋಫೈನಾನ್ಸ್ ಸಾಲ ವಸೂಲಿಗೆ ಬರುವಂತಿಲ್ಲ. ಮನೆಯ ತಿಂಗಳ ವರಮಾನದ ಅರ್ಧಕ್ಕಿಂತ ಹೆಚ್ಚು ಕಂತಿಗೇ ಹೋಗುವಂತೆ ಸಾಲ ಕೊಡಬಾರದು ಎಂಬ ನಿಯಮ 2022ರಿಂದ ಇದೆ. ಝಕಾತ್ ಎಂಬುದು ಅಮಾನತ್. ಕಾನೂನು ಕಟ್ಟಬೇಕಿಲ್ಲ ಎನ್ನುವ ಸಾಲಕ್ಕೆ ಅದನ್ನು ಸುರಿಯುವುದು ತಪ್ಪಾಗುತ್ತದೆ.

ಮೂರನೆಯದು, ಇತ್ಯರ್ಥ. ಸಾಲಗಾರ ಒಂಟಿಯಾಗಿ ಕೈಮುಗಿದು ಹೋದರೆ ಸಿಗದ ರಿಯಾಯಿತಿ, ಊರಿನ ನಾಲ್ವರು ದುಡ್ಡು ಕೈಯಲ್ಲಿ ಹಿಡಿದು ಕೂತರೆ ಸಿಗುತ್ತದೆ. ಒಂದೇ ಕಂತಿನಲ್ಲಿ ತೀರಿಸುತ್ತೇವೆ, ದಂಡದ ಬಡ್ಡಿ ಬಿಡಿ ಎಂದು ಕೇಳಲು ನಾಚಿಕೆ ಪಡಬೇಕಿಲ್ಲ. ಮದೀನಾದ ಹದೀಸ್ ಹೇಳಿಕೊಡುವುದೂ ಅದನ್ನೇ. ಸಾಲಗಾರರ ಒಪ್ಪಿಗೆ ಪಡೆದು ಹಣವನ್ನು ನೇರವಾಗಿ ಸಾಲ ಕೊಟ್ಟವರಿಗೆ ಕಟ್ಟಿ, ಬಾಕಿಯಿಲ್ಲ ಎಂಬ ಪತ್ರವನ್ನು ಸಾಲಗಾರರ ಕೈಗೆ ಕೊಡಿ. ಜಾಮೀನಿಗೆಂದು ಕೊಟ್ಟ ಖಾಲಿ ಚೆಕ್ಕುಗಳಿದ್ದರೆ ಅಂದೇ ವಾಪಸು ಪಡೆಯಿರಿ. ಬಡ್ಡಿಯ ಭಾಗವನ್ನು ಯಾವ ಹಣದಿಂದ ಕಟ್ಟಬೇಕು ಎಂಬುದನ್ನು ನಿಮ್ಮ ಖಾಝಿಯವರು, ಮುಫ್ತಿಗಳು ಮೊದಲೇ ತೀರ್ಮಾನಿಸಿ ಬರೆದುಕೊಡಲಿ. ಆ ಪ್ರಶ್ನೆಯ ನೆಪದಲ್ಲಿ ಅಸಲು ತೀರಿಸುವುದೂ ನಿಂತುಹೋಗಬಾರದು.

ನಾಲ್ಕನೆಯದು, ಮತ್ತೆ ಬೀಳದಂತೆ ನೋಡಿಕೊಳ್ಳುವುದು. ಬಿಡುಗಡೆಯಾದ ಮನೆಗೆ ಮುಂದಿನ ಜ್ವರ, ಮುಂದಿನ ಶಾಲೆ ಫೀಸು ಬಂದಾಗ ಹೋಗಲು ಒಂದು ಜಾಗ ಬೇಕು. ಝಕಾತ್ ಅಲ್ಲದ ದೇಣಿಗೆಯಿಂದ, ಸದಕಾದಿಂದ ಒಂದು ಸಣ್ಣ ಬಡ್ಡಿರಹಿತ ನಿಧಿ ಇಟ್ಟುಕೊಳ್ಳಿ. ಜೊತೆಗೆ ಮದುವೆಯ ದುಂದುವೆಚ್ಚಕ್ಕೂ ವರದಕ್ಷಿಣೆಗೂ ಜಮಾಅತ್ ಕಡಿವಾಣ ಹಾಕದಿದ್ದರೆ, ಒಂದು ಕೈಯಿಂದ ಸಾಲ ತೀರಿಸುತ್ತ ಇನ್ನೊಂದು ಕೈಯಿಂದ ಸಾಲ ಹುಟ್ಟಿಸಿದಂತಾಗುತ್ತದೆ. ನಿಕಾಹಿನ ದಫ್ತರು ನಿಮ್ಮ ಕೈಯಲ್ಲೇ ಇದೆ.

ಇಷ್ಟೆಲ್ಲ ಕೇಳಿದ ಮೇಲೆ, ಸಾಲ ತೀರಿಸುತ್ತಾರೆಂದು ಗೊತ್ತಾದರೆ ಜನ ಸಾಲ ಮಾಡುತ್ತಲೇ ಇರುತ್ತಾರೆ ಎಂದು ಯಾರಾದರೂ ಹೇಳಬಹುದು. ಜೂಜಿಗೆ, ಮೊಬೈಲಿನ ರಮ್ಮಿಗೆ, ಕುಡಿತಕ್ಕೆ ಮಾಡಿದ ಸಾಲಕ್ಕೆ ಈ ಪಾಲಿಲ್ಲ. ಅದನ್ನು ಬಿಟ್ಟು ಮನಸಾರೆ ತಿರುಗಿ ಬಂದವರ ವಿಷಯ ಬೇರೆ ಎಂದು ವಿದ್ವಾಂಸರೇ ಹೇಳಿದ್ದಾರೆ. ಉಳಿದ ಸಾಲಗಳ ಕಾರಣ ನೋಡಿ: ಆಸ್ಪತ್ರೆ, ಗಲ್ಫಿನ ವೀಸಾಕ್ಕೆ ಏಜೆಂಟರಿಗೆ ಕೊಟ್ಟ ಹಣ, ಲಾಕ್‌ಡೌನಿನಲ್ಲಿ ಮುಚ್ಚಿದ ಅಂಗಡಿ, ಸ್ನೇಹಿತನಿಗೆ ಹಾಕಿದ ಜಾಮೀನು. ಯಾರೂ ಸೊಂಟ ಮುರಿದುಕೊಂಡರೆ ಜಮಾಅತ್ ನೋಡಿಕೊಳ್ಳುತ್ತದೆಂದು ಮೇಲಿನಿಂದ ಬೀಳುವುದಿಲ್ಲ.

ಸಾಲಿನಲ್ಲಿ ನಿಲ್ಲುವ ಬಡವರಿಗೆ ಕಡಿಮೆಯಾಗುತ್ತದೆ ಎಂಬ ಚಿಂತೆ ಮಾತ್ರ ನ್ಯಾಯವಾದದ್ದು. ಲೆಕ್ಕ ಹಾಕೋಣ. ಒಂದು ಜಮಾಅತಿನಲ್ಲಿ ಹತ್ತು ಲಕ್ಷ ರೂಪಾಯಿ ಝಕಾತ್ ಕೂಡುತ್ತದೆ ಎಂದುಕೊಳ್ಳಿ. ಆರು ಲಕ್ಷವನ್ನು ಈಗಿನಂತೆಯೇ ವಿಧವೆಯರಿಗೆ, ರೋಗಿಗಳಿಗೆ, ನಿರ್ಗತಿಕರಿಗೆ ಕೊಡಿ. ಉಳಿದ ನಾಲ್ಕು ಲಕ್ಷದಲ್ಲಿ ತಲಾ 80,000 ರೂಪಾಯಿ ಸಾಲವಿರುವ ಐದು ಮನೆಗಳು ಪೂರ್ತಿ ಬಿಡುಗಡೆಯಾಗುತ್ತವೆ. ಅದೇ ನಾಲ್ಕು ಲಕ್ಷವನ್ನು ಸಾವಿರದಂತೆ ನಾಲ್ಕುನೂರು ಮಂದಿಗೆ ಹಂಚಿದರೆ, ಸಾಲವಿರುವ ಮನೆಯಲ್ಲಿ ಆ ಸಾವಿರ ಮರುವಾರದ ಕಂತಿಗೆ ಹೋಗಿ, ತೂತು ಕೊಡಕ್ಕೆ ನೀರು ಹೊಯ್ದಂತಾಗುತ್ತದೆ. ವರ್ಷಕ್ಕೆ ಐದು ಮನೆಯಾದರೂ ಹತ್ತು ವರ್ಷಕ್ಕೆ ಐವತ್ತು ಮನೆ. ಕಂತು ಕಟ್ಟುವುದು ನಿಂತ ಮನೆಯಲ್ಲಿ ಆ ಹಣ ಪ್ರತಿ ವಾರ ಉಳಿಯುತ್ತದೆ, ಮಕ್ಕಳ ಓದಿಗೆ, ಮದ್ದಿಗೆ ಆಗುತ್ತದೆ.

ಮಲೇಷ್ಯಾದ ರಾಜ್ಯಗಳ ಝಕಾತ್ ಸಂಸ್ಥೆಗಳು ಗಾರಿಮೀನ್ ಪಾಲಿಗೆ ಬೇರೆಯೇ ವಿಭಾಗ ಇಟ್ಟುಕೊಂಡಿವೆ. ಸಾಲ ಕಟ್ಟಲಾಗದೆ ಜೈಲಿನಲ್ಲಿರುವವರ ಬಾಕಿಯನ್ನು ಜನರೇ ತೀರಿಸಿ ಬಿಡಿಸುವ ‘ಫುರಿಜತ್’ ಎಂಬ ವ್ಯವಸ್ಥೆ ಸೌದಿ ಅರೇಬಿಯಾದಲ್ಲಿದೆ. ಅಲ್ಲಿ ದುಡಿಯುವ ನಮ್ಮವರು ಇದನ್ನು ಬಲ್ಲರು. ಅವರು ಊರಿಗೆ ಕಳಿಸುವ ಝಕಾತ್ ನಿಮ್ಮ ಕೈಗೇ ಬರುತ್ತದೆ. ಸರ್ಕಾರದ ಬೆಂಬಲ ಇಲ್ಲದಿದ್ದರೂ ನಮ್ಮ ಒಂದೊಂದು ಜಮಾಅತಿಗೂ ಮನೆಮನೆಯ ಪರಿಚಯವಿದೆ. ಅದಕ್ಕಿಂತ ದೊಡ್ಡ ಬಂಡವಾಳ ಈ ಕೆಲಸಕ್ಕೆ ಬೇಕಿಲ್ಲ.

ಜಮಾಅತಿನ ಉಳ್ಳವರಿಗೂ ಒಂದು ಮಾತು. ನಿಮ್ಮಿಂದ ಕೈಸಾಲ ಪಡೆದು ಕಷ್ಟಕ್ಕೆ ಬಿದ್ದವರಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದೂ, ಬಿಟ್ಟುಕೊಟ್ಟರೆ ಅದು ಇನ್ನೂ ಒಳಿತೆಂದೂ ಸೂರಃ ಬಕರದ 280ನೇ ಆಯತ್ ಹೇಳುತ್ತದೆ. ಹಾಗೆ ಬಿಟ್ಟ ಸಾಲವನ್ನೇ ಝಕಾತ್ ಲೆಕ್ಕಕ್ಕೆ ಸೇರಿಸುವುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಆದ್ದರಿಂದ ಝಕಾತನ್ನು ಝಕಾತಾಗಿಯೇ ಕೊಡಿ, ಸಾಲ ಬಿಡುವುದನ್ನು ನಿಮ್ಮ ಔದಾರ್ಯವಾಗಿಯೇ ಮಾಡಿ. ಒಂದೇ ಗುಂಪು ಸಾಲದಲ್ಲಿ ಸಿಲುಕಿದ ಹಿಂದೂ, ಕ್ರೈಸ್ತ ನೆರೆಯವರಿಗೆ ಸದಕಾದ ಹಣದಿಂದ ನೆರವಾಗಿ. ನಮ್ಮ ಹೆಣ್ಣುಮಕ್ಕಳ ಬಾಕಿಗೆ ತಮ್ಮ ಸೆರಗಿನ ಗಂಟು ಬಿಚ್ಚಿದವರು ಅವರು, ಆ ಋಣ ನಮ್ಮ ಮೇಲಿದೆ.

ಮಾನ್ಯರೇ, ಈ ರಮಝಾನಿಗೆ ಮುಂಚಿನ ಸಭೆಯಲ್ಲಿ ಮೂರು ತೀರ್ಮಾನ ಮಾಡಿ. ಝಕಾತಿನಲ್ಲಿ ಸಾಲಗಾರರ ಪಾಲು ಎಷ್ಟೆಂದು ನಿಗದಿ ಮಾಡಿ ದಫ್ತರಿನಲ್ಲಿ ಬರೆಯಿರಿ. ಹೆಂಗಸರೂ ಇರುವ ಸಮಿತಿಯನ್ನು ನೇಮಿಸಿ. ಸಾಲವಿದ್ದವರು ಯಾರಲ್ಲಿ ಗುಟ್ಟಾಗಿ ಹೇಳಿಕೊಳ್ಳಬಹುದು ಎಂಬುದನ್ನು ಜುಮಾ ಖುತ್ಬಾದಲ್ಲಿ ಖತೀಬರು ತಿಳಿಸಲಿ, ಆ ಮಾತು ಹೆಂಗಸರ ಕಿವಿಗೂ ತಲುಪುವಂತೆ ಮಾಡಲಿ. ಮೊದಲ ವರ್ಷ ಒಂದೇ ಮನೆಯ ಸಾಲ ತೀರಿದರೂ ಸರಿ, ಆ ಒಂದು ಮನೆಯದ್ದು ಪೂರ್ತಿ ತೀರಲಿ. ಬೇಕಾದ ಹಣ ನಿಮ್ಮಲ್ಲಿದೆ, ಹಕ್ಕುದಾರರು ನಿಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಉಳಿದದ್ದು ನಿಮ್ಮ ನಿರ್ಧಾರ.

ಅಲ್ಲಾಹನು ನಿಮ್ಮ ಶ್ರಮವನ್ನು ಸ್ವೀಕರಿಸಲಿ, ಸಾಲದ ಭಾರ ಹೊತ್ತವರೆಲ್ಲರ ಹಾದಿಯನ್ನು ಸುಗಮಗೊಳಿಸಲಿ. ಆಮೀನ್.

ವಸ್ಸಲಾಂ,
ನಿಮ್ಮ ಜಮಾಅತಿನ ಒಬ್ಬ ಸಹೋದರಿ